ಗೋಡೆಯ ಮೇಲಿನ ನರೆಯವರು

ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಬಾಯಿ ನಿಂತಿಲ್ಲ. ತ್ಯಾಗರಾಜನಗರದ ನಮ್ಮ ಬೀದಿಗೆ ಸೊಪ್ಪು ತರುವವಳಿಗೆ, ಹಾಲಿನ ಬೂತಿನವನಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ, ಕೊನೆಗೆ ರಾಂಗ್ ನಂಬರ್ ಮಾಡಿದ ಯಾರೋ ಪುಣ್ಯಾತ್ಮನಿಗೂ ಹೇಳಿದ್ದಾಯಿತು. ಆತ ಪಾಪ, ಫೋನ್ ಇಡುವ ಮೊದಲು ಮಗುವಿನ ತೂಕ ಎಷ್ಟು ಎಂದು ಕೇಳಿದ. ಒಳ್ಳೆಯ ಮನೆತನದವನಿರಬೇಕು.

ಮೊದಲ ದಿನ ಮಗುವನ್ನು ನೋಡಲು ಬಸ್ಸು ಹತ್ತಿದಾಗ ಕಂಡಕ್ಟರು ಹೆಂಗಸರ ಫ್ರೀ ಟಿಕೇಟಿನ ಕಟ್ಟು ಹಿಡಿದು ಬಂದ.

"ಎಲ್ಲಿಗಮ್ಮಾ?"

"ಮೊಮ್ಮಗಳ ಹತ್ರಕ್ಕೆ."

"ಆ ಸ್ಟಾಪು ನಮ್ ರೂಟಲ್ಲಿಲ್ಲ ಕಣಮ್ಮ. ಯಾವ ಏರಿಯಾ ಹೇಳಿ."

ಚಾಮರಾಜಪೇಟೆ ಎಂದೆ. ಎರಡು ವರ್ಷದ ಹಿಂದೆ ಎರಡೂ ಮಂಡಿಗೆ ಆಪರೇಷನ್ ಆದ ನನ್ನನ್ನು, ಇಳಿಯುವಾಗ ಅವನೇ ಕೈಹಿಡಿದು ಇಳಿಸಿದ. ಮೊಮ್ಮಗಳಿಗೂ ಒಂದು ಮಾತು ಕೇಳಿದೆ ಅಂತ ಹೇಳಿ ಎಂದ. ನಾನು ಹೇಳಿದೆ ಕೂಡ. ಅವಳು ಆಕಳಿಸಿದಳು.

ಮಗು ಚಾಮರಾಜಪೇಟೆಯಲ್ಲಿ ಏಕಿತ್ತು ಎಂದರೆ ಅದು ಸೊಸೆಯ ತವರು. ನನ್ನ ಮಗನದು ನಗರ್ತಪೇಟೆಯಲ್ಲಿ ಸ್ವಿಚ್ಚು, ವೈರು, ಬಲ್ಬುಗಳ ಸಣ್ಣ ಅಂಗಡಿ. ಸೊಸೆ ಸ್ಕೂಲಿನಲ್ಲಿ ಟೀಚರು. ಬಲ್ಬು ಕೊಳ್ಳಲು ಬಂದವಳು ಅದೇ ಬಲ್ಬನ್ನು ಮತ್ತೆ ಮತ್ತೆ ತಂದು ಬದಲಾಯಿಸಿಕೊಂಡು ಹೋಗುತ್ತಿದ್ದಳಂತೆ. ಬಲ್ಬಿನಲ್ಲಿ ಯಾವ ದೋಷವೂ ಇರಲಿಲ್ಲವೆಂಬುದು ನನಗೆ ಗೊತ್ತಾಗುವ ಹೊತ್ತಿಗೆ ಇಬ್ಬರೂ ಮದುವೆಯ ಮಾತಿಗೆ ಬಂದಿದ್ದರು. ಅವರದು ಕ್ರಿಶ್ಚಿಯನ್ನರ ಮನೆ. ಮಾಗಡಿ ಕಡೆಯ ನಮ್ಮ ನೆಂಟರು ಮುಖ ಊದಿಸಿಕೊಂಡರು. ಮದುವೆಯೂಟಕ್ಕೆ ಮಾತ್ರ ಎಲ್ಲರಿಗಿಂತ ಮೊದಲು ಬಂದು ಎಲೆಯ ಮುಂದೆ ಕೂತರು. ನನಗೆ ಹುಡುಗಿ ಹಿಡಿಸಿದ್ದಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಗು ಅಂತ ಕೇಳಿಸಿದ್ದೇ ಅವಳು ಕಾಲಿಟ್ಟ ಮೇಲೆ.

ಬಾಣಂತನ ತವರಿನಲ್ಲಿ ಎನ್ನುವುದಕ್ಕೆ ಅವರದೂ ನಮ್ಮದೂ ಒಂದೇ ಪದ್ಧತಿ. ಹಾಗಾಗಿ ಮಗು ಬೀಗಿತ್ತಿಯ ಕೈಯಲ್ಲಿ, ನಾನು ಬಸ್ಸಿನಲ್ಲಿ.

ಬೀಗಿತ್ತಿಯ ವಿಷಯ ಹೇಳಬೇಕು. ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ರಿಟೈರಾದವರು. ಗಂಡ ಇಲ್ಲ, ಇದ್ದವಳು ಒಬ್ಬಳೇ ಮಗಳು. ಬೆನ್ನು ಅಡಿಕೋಲಿನ ಹಾಗೆ ನೆಟ್ಟಗೆ. ಸೀರೆಯ ನೆರಿಗೆ ಒಂದರ ಮೇಲೊಂದು ಇಸ್ತ್ರಿ ಮಾಡಿಟ್ಟ ಹಾಗೆ. ಅರವತ್ತು ದಾಟಿದ್ದರೂ ತಲೆಕೂದಲು ಕಾಡಿಗೆಯಷ್ಟು ಕಪ್ಪು. ಮಗುವನ್ನು ನೋಡಲು ಬಂದವರನ್ನು ಈಗಲೂ ಕೌಂಟರಿನಿಂದಲೇ ಮಾತಾಡಿಸುವ ಹಾಗೆ ಮಾತಾಡಿಸುತ್ತಾರೆ. "ಕೈ ತೊಳ್ಕೊಂಡ್ರಾ? ಒಬ್ಬೊಬ್ರೇ ಬನ್ನಿ. ನಿಮ್ದಾಯ್ತಲ್ಲ, ಸ್ವಲ್ಪ ಜರುಗಿ." ಸ್ವಂತ ಅಜ್ಜಿಯಾದ ನಾನೂ ಸಾಲಿನಲ್ಲಿ ನಿಂತೇ ಮೊಮ್ಮಗಳ ದರ್ಶನ ಮಾಡಿದೆ.

ಅದನ್ನೆಲ್ಲ ನಾನು ನುಂಗಿಕೊಂಡೆ. ನುಂಗಲಾಗದೆ ಗಂಟಲಲ್ಲಿ ಕೂತದ್ದು ನೀರು ಹಾಕುವ ವಿಷಯ.

ನಮ್ಮ ಮನೆತನದಲ್ಲಿ ಮಗುವಿಗೆ ನೀರು ಹಾಕುವುದು ಅಜ್ಜಿಯ ಹಕ್ಕು. ನನ್ನ ಅತ್ತೆ ನನ್ನ ಮಗನಿಗೆ ಹಾಕುತ್ತಿದ್ದರು. ಮಣೆಯ ಮೇಲೆ ಕೂತು, ಕಾಲು ಚಾಚಿ, ಎರಡು ಕಾಲಿನ ನಡುವಿನ ಗುಳಿಯಲ್ಲಿ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ತೀಡಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟರೆ ಮಗು ಸಂಜೆಯವರೆಗೆ ಮಿಸುಕಾಡುತ್ತಿರಲಿಲ್ಲ. ನನ್ನ ಮಗನ ಮೂಗು ಅಷ್ಟು ನೆಟ್ಟಗಿರುವುದು ಆ ತೀಡುವಿಕೆಯಿಂದ. ಆಗಲೇ ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೆ, ನನಗೂ ಒಂದು ಕಾಲ ಬರುತ್ತದೆ, ನನ್ನ ಕಾಲಿನ ಮೇಲೂ ಒಂದು ಮಗು ಮಲಗುತ್ತದೆ ಎಂದು. ಅಷ್ಟು ವರ್ಷ ಕಾದ ಮೇಲೆ ಕಾಲ ಬಂತು. ಬಂದು ಚಾಮರಾಜಪೇಟೆಯ ಬಚ್ಚಲಿನ ಬಾಗಿಲಲ್ಲಿ ನಿಂತುಕೊಂಡಿತು.

ಬೀಗಿತ್ತಿ ನೀರು ಹಾಕಲು ಮಾವಳ್ಳಿಯಿಂದ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಅವಳು ಬೆಳಗ್ಗೆ ಬಂದು ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗುವಳು. ನಾವಿಬ್ಬರು ಅಜ್ಜಿಯರು ಹೊರಗೆ, ಒಬ್ಬಳ ಕೈಯಲ್ಲಿ ಟವೆಲ್ಲು, ಇನ್ನೊಬ್ಬಳ ಕೈಯಲ್ಲಿ ಸಾಂಬ್ರಾಣಿ. ಆಪರೇಷನ್ ಥಿಯೇಟರಿನ ಹೊರಗೆ ನಿಂತ ಹಾಗೆ.

"ನಾಳೆಯಿಂದ ನಾನು ಹಾಕ್ತೀನಿ ಬೀಗ್ರೇ, ಆಯಮ್ಮನಿಗೆ ಯಾಕೆ ತೊಂದ್ರೆ," ಎಂದೆ ಒಂದು ದಿನ.

"ತೊಂದ್ರೆ ಏನು ಬಂತು. ಅವ್ಳು ಚೆನ್ನಾಗೇ ಹಾಕ್ತಾಳೆ."

"ಅಜ್ಜಿ ಕೈ ಅಂದ್ರೆ ಬೇರೆ ಅಲ್ವಾ?"

"ಕೈ ಎಲ್ಲಾ ಒಂದೇ. ಬೇಡ ಬಿಡಿ."

ಅಷ್ಟೇ. ಕಾರಣ ಹೇಳಲಿಲ್ಲ. ನಾನು ಹಳ್ಳಿಯವಳು, ಒರಟಾಗಿ ತಿಕ್ಕುತ್ತೇನೆ ಎಂದು ಹೆದರಿದರೋ, ಇಲ್ಲ ತಮ್ಮ ಮನೆಯ ಬಚ್ಚಲಿನಲ್ಲಿ ನನ್ನದೇನು ದರ್ಬಾರು ಎಂದುಕೊಂಡರೋ ತಿಳಿಯಲಿಲ್ಲ. ಅದರ ಮೇಲೆ ಸೊಸೆ ಒಂದು ವಿಷಯ ಹೇಳಿದಳು. ನಮ್ಮಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಅವರ ಚರ್ಚಿನಲ್ಲೂ ಒಂದು ಶಾಸ್ತ್ರ ಇದೆಯಂತೆ, ಪಾದ್ರಿಗಳು ಪ್ರಾರ್ಥನೆ ಮಾಡಿ ಮಗುವಿನ ತಲೆಗೆ ನೀರು ಹಾಕುತ್ತಾರಂತೆ. ಮಗ, ಸೊಸೆ ಇಬ್ಬರೂ ಎರಡೂ ಆಗಲಿ ಎಂದು ಒಪ್ಪಿದ್ದರು. ನನ್ನದೂ ತಕರಾರಿರಲಿಲ್ಲ. ಆದರೂ ಹೊಟ್ಟೆಯಲ್ಲಿ ಉರಿಯಿತು. ಮಾವಳ್ಳಿಯವಳು ಹಾಕುತ್ತಾಳೆ, ಪಾದ್ರಿಗಳೂ ಹಾಕುತ್ತಾರೆ, ಊರಲ್ಲಿ ಎಲ್ಲರೂ ನನ್ನ ಮೊಮ್ಮಗಳಿಗೆ ನೀರು ಹಾಕುವವರೇ. ನಾನೊಬ್ಬಳು ಒಣಗಿಕೊಂಡು ಟವೆಲ್ಲು ಹಿಡಿಯುವವಳು.

ಹೀಗಿರುವಾಗ ಒಂದು ಬೆಳಗ್ಗೆ ಮಗು ಹಾಲು ಕುಡಿಯುತ್ತಿತ್ತು, ನಾನು ಹಾಲಿನಲ್ಲಿ ಕೂತಿದ್ದೆ. ಕೂಡುವ ಹಾಲು ಕಣ್ರೀ, ಕುಡಿಯುವುದಲ್ಲ. ಎದುರಿನ ಗೋಡೆಯ ಮೇಲೆ ಕಟ್ಟುಹಾಕಿದ ಒಂದು ಬರಹ. ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬಣ್ಣದಿಂದ ಬರೆದದ್ದು. ಅದಕ್ಕೆ ಬೀಗಿತ್ತಿ ಪ್ಲಾಸ್ಟಿಕ್ ಮಲ್ಲಿಗೆಯ ಸರ ಇಳಿಬಿಟ್ಟಿದ್ದರು. ನಾನು ಊರ ಸ್ಕೂಲಿನಲ್ಲಿ ಮೂರನೇ ಕ್ಲಾಸಿನವರೆಗೆ ಹೋದವಳು. ಓದುತ್ತೇನೆ, ಆದರೆ ಅಕ್ಷರ ಅಕ್ಷರ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟುವ ಹಾಗೆ. ಮಾಡಲು ಬೇರೆ ಕೆಲಸವಿರಲಿಲ್ಲವಲ್ಲ, ದಾಟಲು ಶುರುಮಾಡಿದೆ.

ನಿ-ನ್ನ. ನಿನ್ನ. ನ-ರೆ-ಯ-ವ-ರ-ನ್ನು. ನರೆಯವರನ್ನು. ನಿ-ನ್ನಂ-ತೆ-ಯೇ. ಪ್ರೀ-ತಿ-ಸು.

ಇನ್ನೊಂದು ಸಲ ದಾಟಿದೆ. ಅದೇ ಬಂತು. ನಿನ್ನ ಮನೆಯಲ್ಲಿ ತಲೆ ನರೆತವರು ಯಾರಿದ್ದಾರೋ ಅವರನ್ನು ನಿನ್ನ ಹಾಗೆಯೇ ಪ್ರೀತಿಸು.

ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಧರ್ಮ, ಎಂಥ ಮಾತು. ಈ ಕಾಲದಲ್ಲಿ ಮುದುಕಿಯರ ಪರವಾಗಿ ಒಂದು ಮಾತು ಯಾರು ಬರೆಯುತ್ತಾರೆ, ಅದೂ ಕಟ್ಟುಹಾಕಿಸಿ, ಹೂವಿನ ಸರ ಹಾಕಿ. ಸೊಸೆ ನನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳುವುದಕ್ಕೆ ಕಾರಣ ಇದೇ ಎಂದು ಥಟ್ಟನೆ ಹೊಳೆಯಿತು. ಹುಟ್ಟಿದಾಗಿನಿಂದ ಇದನ್ನೇ ನೋಡುತ್ತಾ ಬೆಳೆದ ಹುಡುಗಿ. ಹಾಗಾದರೆ ಇದೇ ಗೋಡೆಯ ಕೆಳಗೆ ಓಡಾಡುವ ಬೀಗಿತ್ತಿಗೆ ನನ್ನ ಮೇಲೆ ಏಕೆ ಇಷ್ಟು ಬಿಗಿ?

ನನ್ನ ತಲೆ ಮುಟ್ಟಿ ನೋಡಿಕೊಂಡೆ. ಹಿಂಜಿದ ಹತ್ತಿ. ಅನುಮಾನವೇ ಇಲ್ಲ, ಈ ಮಾತು ನನಗೆ ಪೂರ್ತಿ ಅನ್ವಯಿಸುತ್ತದೆ. ಬೀಗಿತ್ತಿಯ ತಲೆ ನೋಡಿದರೆ ಒಂದು ಬಿಳಿ ಎಳೆ ಇಲ್ಲ. ಅಂದರೆ ಅವರು ನನ್ನನ್ನು ಪ್ರೀತಿಸಲೇಬೇಕು, ನಾನು ಅವರನ್ನು ಪ್ರೀತಿಸಬೇಕೆಂದು ಎಲ್ಲೂ ಬರೆದಿಲ್ಲ. ಕಾನೂನು ಪೂರ್ತಿ ನನ್ನ ಕಡೆ ಇತ್ತು.

ನೆಟ್ಟಗೆ ಅಡುಗೆಮನೆಗೆ ಹೋದೆ. ಬೀಗಿತ್ತಿ ಕಾಫಿಗೆ ಡಿಕಾಕ್ಷನ್ ಬಗ್ಗಿಸುತ್ತಿದ್ದರು.

"ಬೀಗ್ರೇ, ನಿಮ್ ಗೋಡೆ ಮೇಲಿರೋದನ್ನ ಇವತ್ತು ಓದ್ದೆ."

ಅವರ ಮುಖ ಅರಳಿತು. ಅಷ್ಟು ದಿನದಲ್ಲಿ ಹಾಗೆ ಅರಳಿದ್ದು ನಾನು ನೋಡಿರಲಿಲ್ಲ. "ಹೌದಾ? ಅದು ನಮ್ ತಂದೆಯೋರ ಕಾಲದ್ದು. ಈ ಮನೆ ನಿಂತಿರೋದೇ ಆ ಮಾತಿನ ಮೇಲೆ."

"ಬಲು ಒಳ್ಳೆ ಮಾತು. ಎಷ್ಟು ಯೋಚ್ನೆ ಮಾಡಿ ಬರ್ದಿದಾರೆ."

"ಓದೋದು ಸುಲಭ. ನಡ್ಕೊಳೋದೇ ಕಷ್ಟ."

"ಅದೇ ನಾನೂ ಹೇಳೋಕ್ ಬಂದೆ. ನೀವು ನಡ್ಕೊತೀರಾ?"

"ದಿನಾ ಪ್ರಯತ್ನ ಪಡ್ತೀನಪ್ಪ."

"ಹಂಗಾದ್ರೆ ನನ್ ತಲೆ ನೋಡಿ."

ಅವರು ಲೋಟ ಕೆಳಗಿಟ್ಟು ನೋಡಿದರು. "ಯಾಕೆ, ಏನಾಯ್ತು ತಲೆಗೆ?"

"ಪೂರ್ತಿ ಬೆಳ್ಳಗಾಗಿದೆ. ನಾನು ಅದ್ರಲ್ಲಿ ಸೇರ್ತೀನಿ. ನೀವು ಸೇರಲ್ಲ, ಬಣ್ಣ ಹಾಕ್ತೀರಲ್ಲ. ಅದ್ಕೇ ಕೇಳ್ತಿರೋದು, ನಾಳೆಯಿಂದ ಮಗೂಗೆ ನೀರು ನಾನು ಹಾಕ್ತೀನಿ."

ಬೀಗಿತ್ತಿ ಫಿಲ್ಟರಿನ ಮುಚ್ಚಳ ಮುಚ್ಚಿದರು.

"ನನ್ ತಲೆ ವಿಷ್ಯ ಇಲ್ಲಿ ಯಾಕೆ ಬಂತು?" ಎಂದರು ಮೆಲ್ಲಗೆ.

"ಬರ್ದಿರೋದೇ ತಲೆ ವಿಷ್ಯ ಅಲ್ವಾ?"

"ದೇವರ ವಾಕ್ಯ ಇಟ್ಕೊಂಡು ಹಿಂಗೆ ಹಂಗಿಸೋರನ್ನ ನಾನು ಇವತ್ತೇ ನೋಡಿದ್ದು." ಕಾಫಿಯನ್ನು ನನ್ನ ಮುಂದೆ ಇಟ್ಟು ಹೊರಗೆ ಹೋದರು. ಅದರಲ್ಲಿ ಸಕ್ಕರೆ ಇರಲಿಲ್ಲ. ಮರೆತರೋ, ಅದೇ ಉತ್ತರವೋ ದೇವರಿಗೇ ಗೊತ್ತು.

ಮಾರನೆಯ ದಿನದಿಂದ ಕೌಂಟರು ಬಂದ್. ನಾನು ಹೋದಾಗಲೆಲ್ಲ "ಮಗು ಮಲಗಿದೆ" ಎನ್ನುವರು. ಮಗು ಒಳಗೆ ಗಂಟಲು ಹರಿಯುವಂತೆ ಅಳುತ್ತಿದ್ದರೂ "ಮಲಗಿದೆ". ಸೊಸೆ ತಾನೇ ಎತ್ತಿಕೊಂಡು ಬಂದು ಒಂದು ಗಳಿಗೆ ನನ್ನ ಮಡಿಲಲ್ಲಿ ಹಾಕುವಳು, ಅಷ್ಟರಲ್ಲಿ ಅವರು ಬಂದು "ಹಸಿವಾಗಿರ್ಬೇಕು" ಎಂದು ಎತ್ತಿಕೊಂಡು ಹೋಗುವರು. ನೀರು ಹಾಕುವ ಆಸೆ ಹಾಗಿರಲಿ, ಎತ್ತಿಕೊಳ್ಳುವುದಕ್ಕೂ ಸಂಚಕಾರ ಬಂತು. ಬಸ್ಸಿನಲ್ಲಿ ಮನೆಗೆ ಬರುವಾಗ ಮಡಿಲು ಖಾಲಿ ಖಾಲಿ ಅನ್ನಿಸುತ್ತಿತ್ತು. ನನ್ನಷ್ಟಕ್ಕೆ ನಾನು, ಧರ್ಮ ಗೋಡೆಗೆ ಮಾತ್ರ, ಮನಸ್ಸಿಗಿಲ್ಲ ಎಂದು ಗೊಣಗಿಕೊಂಡೆ.

ಆ ಭಾನುವಾರ ಮಗ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ. "ಅಮ್ಮ, ನಮ್ಮತ್ತೆ ಕೂದಲ ಬಗ್ಗೆ ಏನಂದೆ? ಅವ್ರು ಮನೇಲೂ ತಲೆ ಮೇಲಿನ ಸೆರಗು ತೆಗೀತಿಲ್ವಂತೆ."

"ನಾನೇನಂದೆ? ಅವ್ರ ಶಾಸ್ತ್ರ ಅವ್ರಿಗೆ ಹೇಳ್ದೆ."

"ಯಾವ ಶಾಸ್ತ್ರ?"

ನಾನು ಬಾಯಿಪಾಠ ಒಪ್ಪಿಸಿದೆ. ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಆಮೇಲೆ ತುತ್ತನ್ನು ತಟ್ಟೆಗೆ ಬಿಟ್ಟು ನಗಲು ಶುರುಮಾಡಿದವನು ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕ. ತಟ್ಟೆಯ ಅಂಚಿನ ಸಾರಿನಲ್ಲಿ ಬೆರಳಿಂದ ಒಂದು ಅಕ್ಷರ ಬರೆದ.

"ಇದೇನು?"

"ನ."

ಅದರ ತಲೆಯ ಮೇಲೆ ಒಂದು ಕೊಕ್ಕೆ ಎಳೆದ. "ಈಗ?"

"ನೆ."

"ಅಲ್ಲಿರೋದು ಇದು. ನೆರೆಯವರು. ಎತ್ವ ಎಲ್ಲಿ ಬಿಟ್ಟೆ?"

ಎತ್ವ ಎಲ್ಲೂ ಬಿಟ್ಟಿರಲಿಲ್ಲ ನಾನು. ಪ್ಲಾಸ್ಟಿಕ್ ಮಲ್ಲಿಗೆಯ ಸರ ಸರಿಯಾಗಿ ಆ ಅಕ್ಷರದ ತಲೆಯ ಮೇಲೆ ಇಳಿಬಿದ್ದಿತ್ತು. ಹೂವಿನ ಹಿಂದೆ ಎತ್ವ ಇದೆಯೆಂದು ಎತ್ತಿ ನೋಡಲು ನಾನೇನು ಪೊಲೀಸಿನವಳೇ?

"ನೆರೆ ಅಂದ್ರೆ ಹೊಳೆ ಉಕ್ಕೋದಲ್ವೇನೋ? ಟಿವೀಲಿ ತೋರಿಸ್ತಾರಲ್ಲ, ನೆರೆ ಸಂತ್ರಸ್ತರು ಅಂತ."

"ನೆರೆಹೊರೆ ಅಮ್ಮ. ಅಕ್ಕಪಕ್ಕದೋರು."

"ಹಂಗಾದ್ರೆ ನಾನು ಸೇರಲ್ವಲ್ಲೋ. ಅವ್ರ ಮನೆಗೂ ನಮ್ಮನೆಗೂ ಎಷ್ಟು ದೂರ."

"ದಿನಾ ಬೆಳಗಾದ್ರೆ ಅವ್ರ ಹಾಲಲ್ಲಿ ಬಿದ್ದಿರ್ತೀಯ. ನಿನಗಿಂತ ನೆರೆಯೋಳು ಇನ್ಯಾರವ್ವ ಅವ್ರಿಗೆ," ಎಂದು ಮತ್ತೆ ನಕ್ಕ.

ಅವನು ನಕ್ಕು ಕೈತೊಳೆದು ಅಂಗಡಿಯ ಕೆಲಸವೆಂದು ಹೋದ. ನನಗೆ ನಗು ಬರಲಿಲ್ಲ. ನೆರೆಯವರು ಅಂದ ಮೇಲೆ ಲೆಕ್ಕವೇ ತಲೆಕೆಳಗಾಯಿತಲ್ಲ. ನರೆ ಆಗಿದ್ದರೆ ಅವರು ಮಾತ್ರ ನನ್ನನ್ನು ಪ್ರೀತಿಸಬೇಕಿತ್ತು. ನೆರೆ ಅಂದರೆ ನಾನು ಅವರಿಗೆ ನೆರೆ, ಅವರು ನನಗೂ ನೆರೆ. ತಪ್ಪಿಸಿಕೊಳ್ಳುವ ಹಾಗಿಲ್ಲ.

ಅದಕ್ಕಿಂತ ಕಷ್ಟದ್ದು ಆ ಮುಂದಿನ ಮಾತು, ನಿನ್ನಂತೆಯೇ ಅನ್ನುವುದು. ಪಾತ್ರೆ ತೊಳೆಯುತ್ತಾ ಯೋಚಿಸಿದೆ. ನನ್ನನ್ನು ನಾನು ಎಷ್ಟು ಪ್ರೀತಿಸಿಕೊಳ್ಳುತ್ತೇನೆ? ಬಹಳ ಅಂತಲೇ ಹೇಳಬೇಕು. ದೋಸೆ ಹೊಯ್ದರೆ ಗರಿಗರಿಯಾದದ್ದು ನನಗೆ. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಬೇರೆಯವರಾಗಿದ್ದರೆ ನಾಕು ಮಾತಾಡುತ್ತೇನೆ, ನನ್ನ ಕೈಯಿಂದಾದರೆ "ಹೋಗಲಿ ಬಿಡು, ವಯಸ್ಸಾಯಿತು" ಎನ್ನುತ್ತೇನೆ. ಆ "ಹೋಗಲಿ ಬಿಡು" ಇದೆಯಲ್ಲ, ಅದನ್ನು ಬೀಗಿತ್ತಿಗೆ ಒಂದು ಸಲವೂ ಹೇಳಿರಲಿಲ್ಲ. ನೀರು ಹಾಕಲು ಏಕೆ ಬೇಡ ಎನ್ನುತ್ತಾರೆ ಎಂದು ನೂರು ಕಾರಣ ನಾನೇ ಹುಡುಕಿದ್ದೆ, ಅವರನ್ನು ಕೂರಿಸಿ ಕೇಳಿರಲಿಲ್ಲ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಹೋದೆ. ಬಾಗಿಲು ತೆಗೆದವರ ತಲೆಯ ಮೇಲೆ ಸೆರಗು ಇತ್ತು. ಒಳಗೆ ಮಗು ಅಳುತ್ತಿತ್ತು.

"ಮಗು ಮಲಗಿದೆ," ಎಂದರು.

"ಗೊತ್ತು. ನಾನು ನಿಮ್ ಹತ್ರ ಮಾತಾಡೋಕ್ ಬಂದೆ. ಬೀಗ್ರೇ, ನಂಗೆ ಎತ್ವ ಕಾಣಿಸ್ಲಿಲ್ಲ."

"ಏನ್ ಕಾಣಿಸ್ಲಿಲ್ಲ?"

ಅವರನ್ನು ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದೆ. ನಾನು ಓದಿದ ಹಾಗೆ, ಕಲ್ಲಿನಿಂದ ಕಲ್ಲಿಗೆ, ಜೋರಾಗಿ ಓದಿ ತೋರಿಸಿದೆ. ನರೆಯವರನ್ನು ಅಂದಾಗ ಅವರು ಹೂವಿನ ಸರ ನೋಡಿದರು, ನನ್ನ ತಲೆ ನೋಡಿದರು, ಮತ್ತೆ ಸರ ನೋಡಿದರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುವುದು ನೋಡಿ ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ನಗುತ್ತಿದ್ದರು. ಪೋಸ್ಟಾಫೀಸಿನ ಕೌಂಟರು ನಗುವುದನ್ನು ನಾನು ಅವತ್ತೇ ಮೊದಲು ಕಂಡಿದ್ದು.

"ಇದಕ್ಕೆ ನಾನು ನಾಕು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಕಣ್ರೀ," ಎಂದರು.

"ನಾನು ಮಾತ್ರ ನಿಮ್ಮನ್ನ ಬೈಕೊಂಡು ಚೆನ್ನಾಗೇ ಊಟ ಮಾಡ್ದೆ. ತಪ್ಪಾಯ್ತು."

"ನೀವು ಓದಿದ್ದು ಪೂರ್ತಿ ತಪ್ಪೂ ಅಲ್ಲ ಬೀಗ್ರೇ." ಕೂತು ಹೇಳಿದರು. ಗೋಡೆಯ ಮೇಲಿನ ಮಾತು ಯೇಸುಸ್ವಾಮಿಗಿಂತ ಎಷ್ಟೋ ಹಿಂದಿನದಂತೆ, ಯೆಹೂದ್ಯರ ಧರ್ಮಶಾಸ್ತ್ರದಲ್ಲೇ ಇದೆಯಂತೆ. ಯೇಸು ಬಂದು ಅದನ್ನೇ ಎತ್ತಿ ಹಿಡಿದು, ದೇವರನ್ನು ಪ್ರೀತಿಸುವುದರ ಪಕ್ಕದಲ್ಲಿ ಕೂರಿಸಿದನಂತೆ. "ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಬಂದ್ರೆ, ತಲೆ ನರೆತೋರು ಬಂದಾಗ ಎದ್ದು ನಿಂತ್ಕೊಳ್ಬೇಕು ಅಂತಾನೂ ಇದೆ. ನಿಮ್ ನರೆಯವರೂ ಅಲ್ಲೇ ಇದಾರೆ."

"ನಿಜವಾಗ್ಲೂ?"

"ನಿಜವಾಗ್ಲೂ. ಇನ್ನೂ ಕೆಳಗೆ ಪರದೇಶಿಗಳನ್ನೂ ನಿಮ್ ಹಾಗೇ ಪ್ರೀತಿಸಿ ಅಂತಿದೆ."

"ಪರದೇಶಿ ಅಂತ ನಾನು ನನ್ ಮಗನಿಗೆ ಬೈತಿದ್ದೆ. ಹಂಗಾದ್ರೆ ನಿಮ್ ಮಗಳು ಅದನ್ನೂ ಪಾಲಿಸ್ಬಿಟ್ಳು ಬಿಡಿ."

ಒಳಗಿನಿಂದ ಸೊಸೆ, "ನಿಮ್ಮಿಬ್ರದ್ದೂ ರಾಜಿ ಆಗಿದ್ರೆ ಯಾರಾದ್ರೂ ಬನ್ನಿ, ಇವ್ಳಿಗೆ ಸ್ನಾನ ಆಗ್ದೆ ಕಿರಿಕಿರಿ," ಎಂದು ಕೂಗಿದಳು. ಮಾವಳ್ಳಿಯ ಹೆಂಗಸು ನೆಂಟರ ಮದುವೆಗೆಂದು ಕನಕಪುರಕ್ಕೆ ಹೋಗಿದ್ದಳು. ಬರುವುದು ಇನ್ನೆರಡು ದಿನ.

ಬೀಗಿತ್ತಿ ನನ್ನ ಮುಖ ನೋಡಿದರು. "ನೀವೇ ಹಾಕಿ," ಎಂದರು.

ಆ ಎರಡು ಮಾತಿಗೆ ನಾನು ಎಷ್ಟು ದಿನ ಕಾದಿದ್ದೆ. ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ನುಗ್ಗಿದೆ. ಬಿಸಿನೀರು ತೋಡಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದೆ. ಎಣ್ಣೆ ಬಟ್ಟಲು ಬಂತು. ಕಡಲೆಹಿಟ್ಟು ಬಂತು. ಮಣೆ ಬಂತು. ಬೀಗಿತ್ತಿ ಮಣೆಯನ್ನು ನೆಲದ ಮೇಲಿಟ್ಟು "ಕೂತ್ಕೊಳಿ" ಎಂದರು.

ನಾನು ಮಣೆಯನ್ನು ನೋಡಿದೆ. ಅದು ಬಾವಿಯ ತಳದಲ್ಲಿ ಇಟ್ಟ ಹಾಗೆ ಕಾಣಿಸಿತು. ನೆಲದ ಮೇಲೆ ಕೂರುವುದನ್ನು ಇನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಇಷ್ಟು ದಿನ ಹಕ್ಕಿನ ಬಗ್ಗೆ ಯೋಚಿಸಿದ್ದೆ, ಶಾಸ್ತ್ರದ ಬಗ್ಗೆ ಯೋಚಿಸಿದ್ದೆ, ಮಂಡಿಯ ಬಗ್ಗೆ ಒಂದು ನಿಮಿಷ ಯೋಚಿಸಿರಲಿಲ್ಲ. ಗೋಡೆ ಹಿಡಿದು ಬಗ್ಗಿದೆ. ಅರ್ಧಕ್ಕೆ ನಿಂತಿತು. ನಲ್ಲಿ ಹಿಡಿದು ಬಗ್ಗಿದೆ. ನಲ್ಲಿ ತಿರುಗಿ ನೀರು ಬಂತು, ನಾನು ಬಗ್ಗಲಿಲ್ಲ.

"ಪ್ಲಾಸ್ಟಿಕ್ ಸ್ಟೂಲು ಕೊಡಿ," ಎಂದೆ.

"ಸ್ಟೂಲ್ ಮೇಲೆ ಕೂತ್ರೆ ಕಾಲು ಇಳಿಜಾರಾಗುತ್ತೆ. ಮಗು ಜಾರುತ್ತೆ."

"ಹಂಗಾದ್ರೆ ನೀವೇ ಕೂತ್ಕೊಳಿ."

ಅವರ ಮುಖ ಬಿಳಿಚಿಕೊಂಡಿತು. "ನನ್ ಕೈಲಾಗಲ್ಲ," ಎಂದರು. ನಾನು ಯಾಕೆ ಎಂದು ಕೇಳಿದೆ. ಈ ಸಲ ನಿಜವಾಗಿ ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡದೆ ಅವರು ಹೇಳಿದರು. ಇವಳು ಇಷ್ಟು ಚಿಕ್ಕವಳಿದ್ದಾಗ ಇದೇ ಬಚ್ಚಲಿನಲ್ಲಿ ಎಣ್ಣೆ ಕೈಯಿಂದ ಜಾರಿಬಿಟ್ಟಳಂತೆ. ಏನೂ ಆಗಲಿಲ್ಲ, ಅವರ ತಾಯಿ ಪಕ್ಕದಲ್ಲಿದ್ದವರು ಹಿಡಿದುಕೊಂಡರು. ಆದರೆ ಅವತ್ತಿನಿಂದ ಅವರು ಯಾವ ಮಗುವಿಗೂ ನೀರು ಹಾಕಿಲ್ಲ. "ಅದಕ್ಕೇ ಆಯಮ್ಮನ್ನ ಗೊತ್ತು ಮಾಡಿದ್ದು. ನೀವು ಹಾಕ್ತೀನಿ ಅಂದಾಗ ಹೊಟ್ಟೆ ಉರೀತು. ನನ್ ಮೊಮ್ಮಗಳಿಗೆ ನಾನು ಹಾಕೋಕಾಗಲ್ಲ, ನೀವು ಹಾಕೋದನ್ನ ನಿಂತು ನೋಡ್ಬೇಕಲ್ಲ ಅಂತ."

"ಮಮ್ಮಿ, ನಾನು ಬಿದ್ದಿದ್ದು ನಂಗೇ ಗೊತ್ತಿರ್ಲಿಲ್ಲ," ಎಂದಳು ಸೊಸೆ. "ಅದಕ್ಕೇ ಅವತ್ತಿಂದ ನಾನು ಲೆಕ್ಕದಲ್ಲಿ ವೀಕು ಅನ್ಸುತ್ತೆ."

ಯಾರೂ ನಗಲಿಲ್ಲ. ಮಗು ಮಾತ್ರ ಅವಳ ಹೆಗಲ ಮೇಲೆ ಅತ್ತಿತು.

ನನಗೆ ಆಗ ಒಂದು ವಿಚಿತ್ರವಾಯಿತು. ಎದುರಿಗೆ ನಿಂತಿದ್ದದ್ದು ಬೀಗಿತ್ತಿಯಲ್ಲ, ನಾನೇ ಅನ್ನಿಸಿತು. ಟವೆಲ್ಲು ಹಿಡಿದು, ಬಚ್ಚಲಿನ ಬಾಗಿಲಲ್ಲಿ, ಆಸೆಯಿಂದ ಬೇಯುತ್ತಾ ಇಷ್ಟು ದಿನ ನಿಂತವರು ನಾವಿಬ್ಬರೂ. ನಾನು ನನಗೆ ಏನು ಬೇಕೆಂದು ಬಯಸಿದ್ದೆನೋ ಅದನ್ನೇ ಅವರಿಗೂ ಬಯಸುವುದು ಅಂಥ ಕಷ್ಟದ ಕೆಲಸವೇ ಆಗಿರಲಿಲ್ಲ. ಆಸೆ ಒಂದೇ ಆಗಿತ್ತಲ್ಲ.

"ಕಾಲು ನಿಮ್ದು, ಕೈ ನಂದು," ಎಂದೆ. "ನೀವು ಕೂತ್ಕೊಂಡು ಚಾಚಿ. ಎಣ್ಣೆ ಕೈ ನಾನು. ನೀವು ಬರೀ ತಲೆ ಹಿಡ್ಕೊಳಿ."

"ಜಾರಿದ್ರೆ?"

"ನಾನು ಎದುರಿಗೇ ಇರ್ತೀನಲ್ಲ. ನಿಮ್ ಅಮ್ಮ ಇದ್ರಲ್ಲ, ಹಂಗೆ."

ಅವರು ಕೂತರು. ಇಸ್ತ್ರಿಯ ನೆರಿಗೆಯನ್ನು ಮಂಡಿಯವರೆಗೆ ಮೇಲೆತ್ತಿ ಕಾಲು ಚಾಚಿದರು. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎದುರಿಗೆ ಕೂತು ಬಗ್ಗಿದೆ. ಸೊಸೆ ಮಗುವನ್ನು ಆ ಕಾಲುಗಳ ಗುಳಿಯಲ್ಲಿ ಮಲಗಿಸಿದಳು. ಬೀಗಿತ್ತಿ ತಲೆಯ ಕೆಳಗೆ ಎರಡೂ ಕೈ ಕೊಟ್ಟು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು.

"ಕಣ್ ಬಿಟ್ಕೊಂಡು ಪ್ರಾರ್ಥನೆ ಮಾಡಿ ಬೀಗ್ರೇ. ದೇವ್ರು ಬೇಜಾರ್ ಮಾಡ್ಕೊಳಲ್ಲ."

ಎಣ್ಣೆ ಹಚ್ಚಿದೆ. ಮಗು ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ಆ ಹೊಟ್ಟೆ, ಆ ತೊಡೆಯ ಮಡಿಕೆ, ಬೆಣ್ಣೆಯನ್ನು ಬಟ್ಟೆಯಲ್ಲಿ ಕಟ್ಟಿದ ಹಾಗೆ. ಹ್ಯಾಗೆ ಹಾಕಬೇಕೆಂದು ನನ್ನ ಕೈಗೆ ಗೊತ್ತಿತ್ತು. ಮೊದಲ ಚೊಂಬು ಹೊಯ್ದೆ. ಮಗು ಬಾಯಿ ತೆರೆದು ನೀರಿಗೆ ಆಶ್ಚರ್ಯಪಟ್ಟಿತು.

"ಮೂಗು ತೀಡ್ತೀನಿ."

"ಬೇಡ. ಡಾಕ್ಟ್ರು ಬೇಡ ಅಂದಿದಾರೆ."

"ಒಂದೇ ಒಂದ್ಸಲ."

"ಬೀಗ್ರೇ."

"ಸರಿ, ಮುಟ್ತೀನಿ ಅಷ್ಟೇ." ಮುಟ್ಟಿದೆ. ಮುಟ್ಟಿದ್ದರಲ್ಲಿ ಸ್ವಲ್ಪ ತೀಡಿದ್ದೂ ಇತ್ತು. ಅವರು ನೋಡಿದರು, ಹೋಗಲಿ ಬಿಡು ಎನ್ನುವ ಹಾಗೆ ಆ ಕಡೆ ತಿರುಗಿಕೊಂಡರು.

ಅಷ್ಟರಲ್ಲಿ ಮೊಮ್ಮಗಳು ಬೀಗಿತ್ತಿಯ ಇಸ್ತ್ರಿ ಸೀರೆಯ ಮೇಲೆ ಬಿಸಿಬಿಸಿಯಾಗಿ ಒಂದು ಧಾರೆ ಬಿಟ್ಟಳು. ನಾನು ಗಾಬರಿಯಾದೆ. ಅವರು ಅಲ್ಲಾಡಲಿಲ್ಲ. "ಹಾಕಮ್ಮ, ಎಲ್ರೂ ನೀರು ಹಾಕ್ತಿದಾರೆ, ನೀನೂ ಹಾಕು," ಎಂದರು. ಆ ಮಾತಿಗೆ ನಾನು ನಕ್ಕ ರಭಸಕ್ಕೆ ಸ್ಟೂಲು ಜರುಗಿ, ಕೈಯಲ್ಲಿದ್ದ ಚೊಂಬಿನ ನೀರೆಲ್ಲ ನನ್ನ ಮಡಿಲಿಗೇ ಬಿತ್ತು. ಒಣಗಿಕೊಂಡಿದ್ದವಳು ಕೊನೆಗೂ ಒದ್ದೆಯಾದೆ.

ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಸೊಸೆ ಎತ್ತಿಕೊಂಡು ಹೋದಳು. ಸಾಂಬ್ರಾಣಿಯ ಹೊಗೆ ತೋರಿಸುವಷ್ಟರಲ್ಲೇ ನಿದ್ದೆಗೆ ಜಾರಿದಳಂತೆ. ಬೀಗಿತ್ತಿ ಕಾಲು ಚಾಚಿಕೊಂಡೇ ಕೂತಿದ್ದರು, ಖಾಲಿ ಕಾಲುಗಳನ್ನೇ ನೋಡುತ್ತಾ.

"ಜಾರಲಿಲ್ಲ," ಎಂದರು.

"ಎಲ್ಲಿ ಜಾರ್ತಾಳೆ. ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರಿ, ನಾಳೆ ಕಿವಿ ಸರಿಯಾಗಿ ಕೇಳಿಸುತ್ತೋ ಇಲ್ವೋ ನೋಡ್ಬೇಕು."

ಏಳಲು ಹೋದರು, ಕಾಲು ಜೋಮು ಹಿಡಿದಿತ್ತು. ನಾನು ಕೈಕೊಟ್ಟೆ, ನನ್ನ ಮಂಡಿ ಬಗ್ಗಲಿಲ್ಲ. ಅವರು ಎಳೆದರೆ ನಾನು ಕೆಳಗೆ ಬರುತ್ತೇನೆ, ನಾನು ಎಳೆದರೆ ಸ್ಟೂಲು ಜರುಗುತ್ತದೆ. ಮಗುವನ್ನು ಮಲಗಿಸಿ ಸೊಸೆ ಬರುವವರೆಗೂ ನಾವಿಬ್ಬರೂ ಆ ಒದ್ದೆ ಬಚ್ಚಲಿನಲ್ಲಿ ಕೈ ಕೈ ಹಿಡಿದುಕೊಂಡು ಇದ್ದೆವು. ಬೇರೆ ದಾರಿಯೇ ಇರಲಿಲ್ಲ.

ಮಾವಳ್ಳಿಯ ಹೆಂಗಸು ಈಗ ಬಾಣಂತಿಗೆ ಮೈ ತಿಕ್ಕಲು ಮಾತ್ರ ಬರುತ್ತಾಳೆ. ನಾನು ಹೇಳಿದ್ದನ್ನೂ ಗೀಚಿದ್ದನ್ನೂ ಸೊಸೆಯೇ ತಿದ್ದಿ ಹೀಗೆ ಬರೆದುಕೊಡುತ್ತಿದ್ದಾಳೆ. ಇದನ್ನು ಬರೆಸುತ್ತಿರುವಾಗಲೂ ಫೋನು ಬಂತು. ಆ ಕಡೆ ಬೀಗಿತ್ತಿ.

"ಎಲ್ಲಿದೀರಾ ಬೀಗ್ರೇ? ಬೇಗ ಬನ್ನಿ. ನೀರು ಆರ್ತಾ ಇದೆ."

"ನಿಮ್ಮನೇಲೇ, ಪಕ್ಕದ ರೂಮಲ್ಲೇ ಇದೀನಿ. ಎರಡೇ ಸಾಲು ಬರ್ಸಿ ಬರ್ತೀನಿ."

"ಸಾಲು ಆಮೇಲೆ ಬರ್ಸಿ. ನಾನು ಆಗ್ಲೇ ಕೂತು ಕಾಲು ಚಾಚಿ ಆಗಿದೆ. ಇನ್ನು ನೀವು ಬರೋ ತನಕ ನಂಗೆ ಏಳೋಕಾಗಲ್ಲ."